ಇಳಿಸಿಕೊಳ್ಳುವ ಸನ್ನೆ

ಏಡಿಯೊಂದು ಎರಡನೆಯ ಹಗ್ಗವನ್ನೂ ದಾಟಿತು, ಇನ್ನೆರಡು ಉಂಟು, ನೋಡಿಕೊಂಡು ಹೋಗು ಎಂದು ಜಾನೆಟ್ ಅದಕ್ಕೆ ಹೇಳಿದಳು, ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಹೇಳಿದೆನೋ ಎಂದು ಆಮೇಲೆ ಸಂಶಯ ಬಂತು, ತಣ್ಣೀರುಬಾವಿಯ ಈ ಕೊನೆಯಲ್ಲಿ ಮಂಗಳವಾರ ಮೂರು ಗಂಟೆಗೆ ಕೇಳಿಸಿಕೊಳ್ಳುವವರಾದರೂ ಯಾರು, ಒಂದು ಕಂದು ನಾಯಿ, ದೂರದಲ್ಲಿ ಬಂದರಿನೊಳಗೆ ಬರಲು ಸರದಿ ಕಾಯುವ ಮೂರು ಹಡಗು, ಬೆನ್ನಿಗೆ ಗಾಳಿಮರಗಳ ಸಾಲು. ಪಟದ ನಾಲ್ಕು ಹಗ್ಗ, ಇಪ್ಪತ್ತನಾಲ್ಕು ಮೀಟರ್ ಉದ್ದ, ಒಂದರ ಮೇಲೊಂದು ಹತ್ತಿರಬಾರದು, ಬೆರಳ ಸಂದಿಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನಡೆಯಬೇಕು — ಇದೊಂದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಮಸ್ಕತ್‌ನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದು, ಡ್ರಿಪ್ಪಿನ ಬಾಟಲಿಯಿಂದ ರೋಗಿಯ ಕೈವರೆಗೆ ನಳಿಗೆಯನ್ನು ಬೆರಳಲ್ಲಿ ಹಿಡಿದು ಬಾ, ಕಣ್ಣನ್ನು ನಂಬಬೇಡ ಬೆರಳನ್ನು ನಂಬು ಎಂದು ಹೊಸ ನರ್ಸುಗಳಿಗೆ ಹೇಳುತ್ತಿದ್ದವಳು ಅವಳೇ. ಹೆಂಕ್ ಬಂದದ್ದೂ ಆ ವಾರ್ಡಿಗೇ, ಡಚ್ ಎಂಜಿನಿಯರು, ಮಂಚಕ್ಕಿಂತ ಉದ್ದದ ಮನುಷ್ಯ, ಭುಜದ ಕೀಲು ತಪ್ಪಿಸಿಕೊಂಡು, ಏನು ಮಾಡಿಕೊಂಡಿರಿ ಎಂದರೆ ಗಾಳಿಪಟ ಹಾರಿಸಿದೆ ಸಿಸ್ಟರ್, ಅವಳು ನಕ್ಕದ್ದು ಪಕ್ಕದ ವಾರ್ಡಿಗೂ ಕೇಳಿಸಿರಬೇಕು. ಮಕ್ಕಳ ಪಟ ಅಲ್ಲ ಸಿಸ್ಟರ್, ಈ ಕೋಣೆಯಷ್ಟು ಅಗಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಮೇಲೆ ನಿಂತರೆ ಕಡಲ ಮೇಲೆ ಎಳೆದುಕೊಂಡು ಹೋಗುತ್ತದೆ, ಏರಿಸಲು ಒಬ್ಬರು ಬೇಕು, ಇಳಿಸಲು ಒಬ್ಬರು ಬೇಕು, ನಾನು ಒಬ್ಬನೇ ಹೋದೆ, ಈಗ ನೋಡಿ. ಒಬ್ಬರೇ ಹೋಗಬಾರದು, ಆದರೆ ಒಬ್ಬರೇ ಹೇಗೆ ಮಾಡುವುದೆಂದು ಗೊತ್ತಿರಬೇಕು, ಎಂದು ನೆಟ್ಟಗಿದ್ದ ಕೈಯಿಂದ ಚಾದರದ ಮೂಲೆ ಮಡಚಿ, ಮೇಲೆ ದಿಂಬು ಇಟ್ಟು ತೋರಿಸಿದ್ದ. ಭುಜ ಕೂಡಿದ ಮೇಲೆ ಪಟ ಹಾರಿಸುವುದನ್ನು ಅವಳಿಗೂ ಕಲಿಸಿದ, ಆದರೆ ಹದಿನಾರು ವರ್ಷ ಆ ದಿಂಬಿನ ಪಾಠದ ಅಗತ್ಯ ಬರಲಿಲ್ಲ, ಗಂಡ ಪೌಲ್ ಇದ್ದ. ಈಗ ಪಟದ ಗಾಳಿ ಬರುವ ಕಡೆಯ ತುದಿಯನ್ನು ಒಳಕ್ಕೆ ಮಡಚಿದಳು, ಮರಳು ಹಾಕಿದಳು, ಬೊಗಸೆಯಲ್ಲಿ, ಹೆಚ್ಚಾದರೆ ಪಟ ಏಳುವುದಿಲ್ಲ, ಕಡಿಮೆಯಾದರೆ ನಾನು ತಯಾರಾಗುವ ಮೊದಲೇ ಏಳುತ್ತದೆ, ಎಳೆದರೆ ಜಾರುವಷ್ಟು ಇರಬೇಕು, ಎಷ್ಟು ಎಂದು ದಿಂಬು ಹೇಳಿರಲಿಲ್ಲ. ಕಾರಿನಲ್ಲಿ ಬಿಟ್ಟುಬಂದ ಫೋನು ಬಡಿದುಕೊಳ್ಳುತ್ತಿರಬಹುದು, ಬೆನಿಟಾ, ಮಗಳು, ಬಿಜೈಯ ಮನೆಯಿಂದ ದಿನಕ್ಕೆ ಮೂರು ಸಲ, ಮಮ್ಮಾ ಎಲ್ಲಿದ್ದೀ, ಮಮ್ಮಾ ಊಟ ಆಯ್ತಾ, ಬೆಳಿಗ್ಗೆ ಕೇಳಿದ್ದಳು, ಕಡಲಿಗೆ ಹೋಗ್ತಿಯಾ ಹೋಗು, ಆದ್ರೆ ಯಾರು ಹಿಡೀತಾರೆ ಅದನ್ನ ಮೊದಲು ಹೇಳು. ಬದ್ರುದ್ದೀನ್ ಇದ್ದಾನಲ್ಲ ಎಂದು ಜಾನೆಟ್ ಹೇಳಿಬಿಟ್ಟಿದ್ದಳು, ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ, ಚಹಾ ಮಾರುವ ಬದ್ರುದ್ದೀನ್ ಶನಿವಾರ ಭಾನುವಾರ ಬಿಟ್ಟು ಇತ್ತ ತಲೆ ಹಾಕುವುದಿಲ್ಲ, ಅಲ್ಲದೆ ಹೋದ ತಿಂಗಳು ಅವನು ಹಿಡಿದದ್ದು ನೋಡಿದ್ದೇನೆ, ಬಿಟ್ಟೆ ಬಾಯೀ ಎಂದು ಕೂಗುವ ಮೊದಲೇ ಬಿಟ್ಟಿದ್ದ, ಪಟ ನನ್ನನ್ನು ಹತ್ತು ಮಾರು ಮರಳಿನಲ್ಲಿ ಎಳೆದುಕೊಂಡು ಹೋಗಿ ಮೊಣಕಾಲಿನ ಚರ್ಮ ಕಿತ್ತುಬಂದಿತ್ತು, ಸಾರಿ ಬಾಯಿ, ಅದು ಎಮ್ಮೆಯ ಹಾಗೆ ಎಳೀತದೆ ಮಾರಾಯ್ರೆ. ಬೈಯಲಾಗಲಿಲ್ಲ ಪಾಪ. ಆದರೆ ಆ ಜಾಗದಲ್ಲಿ, ನೀರಿನ ಅಂಚಿನಲ್ಲಿ, ಪಟವನ್ನು ಎದೆಗಾನಿಸಿಕೊಂಡು ಇನ್ನೊಬ್ಬರು ನಿಂತದ್ದು ನೋಡಲಾಗಲಿಲ್ಲ, ಮೊಣಕಾಲಿಗಿಂತ ಅದೇ ಹೆಚ್ಚು.

ಪೌಲ್ ನಿಲ್ಲುತ್ತಿದ್ದ ರೀತಿಯೇ ಬೇರೆ, ಚರ್ಚಿನ ಮೆರವಣಿಗೆಯಲ್ಲಿ ಪರಮ ಪ್ರಸಾದಕ್ಕೆ ಹಿಡಿಯುವ ಚಪ್ಪರದ ಕೋಲು ಸಿಕ್ಕಿದವರ ಹಾಗೆ, ಬೆನ್ನು ನೆಟ್ಟಗೆ, ಮುಖ ಗಂಭೀರ, ತಲೆಗೆ ಸಿಮೆಂಟ್ ಕಂಪನಿಯವರು ಕೊಟ್ಟ ಹಳದಿ ಟೋಪಿ, ಕಾಲು ಮಾತ್ರ ಪಾದ ಮುಳುಗುವಷ್ಟೇ ನೀರಿನಲ್ಲಿ, ಅದಕ್ಕಿಂತ ಒಂದು ಬೆರಳು ಹೆಚ್ಚಿಲ್ಲ. ದಿನಾ ಮೀನು ಬೇಕು, ಕಡಲು ಬೇಡ, ಏನು ಗಂಡಸು ಎಂದು ಅವಳು ಚುಚ್ಚುತ್ತಿದ್ದಳು, ಮೀನು ನನ್ನ ಹತ್ತಿರ ಬರುತ್ತದೆ, ನಾನ್ಯಾಕೆ ಅದರ ಹತ್ತಿರ ಹೋಗಬೇಕು ಎಂದು ಅವನು. ಆಮೇಲೆ ಗಾಳಿಯ ಮೇಲೆ ಕೂಗು, ಸೊಡುಂಗೀ, ಬಿಡಲಾ, ಕೊಂಕಣಿಯಲ್ಲೇ ಕೇಳಬೇಕು ಅವನಿಗೆ, ಹೆಬ್ಬೆರಳು ಎತ್ತಿ ತೋರಿಸಿದರೂ ಮತ್ತೊಮ್ಮೆ ಸೊಡುಂಗೀ, ಎರಡನೆಯ ಹೆಬ್ಬೆರಳಿಗೇ ಬಿಡುವುದು, ಹದಿನಾರು ವರ್ಷದಲ್ಲಿ ಒಮ್ಮೆಯೂ ಮೊದಲನೆಯದಕ್ಕೆ ಬಿಟ್ಟವನಲ್ಲ. ಈಗ ಆ ಜಾಗದಲ್ಲಿ ಒಂದು ಗುಪ್ಪೆ ಮರಳು. ಕೊಕ್ಕೆ ಸಿಕ್ಕಿಸಿಕೊಂಡಳು, ಸುರಕ್ಷತೆಯ ಹಗ್ಗ ಸಿಕ್ಕಿಸಿಕೊಂಡಳು, ಪಟದ ಎಳೆತ ಕಳಚುವ ಕೆಂಪು ಹಿಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಒಮ್ಮೆ ಮುಟ್ಟಿಕೊಂಡಳು, ಏನಾದರೂ ಆದರೆ ಕಣ್ಣು ಕೆಲಸಕ್ಕೆ ಬರುವುದಿಲ್ಲ. ವಾಯವ್ಯದಿಂದ ಬರುತ್ತಿದೆ, ಬೇಸಿಗೆ ಮಧ್ಯಾಹ್ನದ ಗಾಳಿ, ಬೈಕಂಪಾಡಿ ಕಡೆಯ ಕಾರ್ಖಾನೆಯದೇನೋ ಹುಳಿವಾಸನೆಯನ್ನೂ ಹೊತ್ತು ತಂದಿದೆ, ಪಟ ಕಡಲ ಕಡೆಗಿದೆ, ನಾನು ಮೇಲೆ, ಮರ ನನ್ನ ಹಿಂದೆ, ಎಡವಟ್ಟಾದರೆ ಮರಕ್ಕೆ ಐವತ್ತು ಮೀಟರ್, ಅಷ್ಟೂ ದೂರ ಎಳೆದೊಯ್ಯಲು ಅದಕ್ಕೆ ಒಂದು ಉಸಿರು ಸಾಕು. ಐವತ್ತಾರು ವರ್ಷದ ಮೂಳೆ ಬೇಗ ಕೂಡುವುದಿಲ್ಲ, ಅದೂ ಗೊತ್ತು, ಅವಳಷ್ಟು ಮೂಳೆ ನೋಡಿದವರು ಯಾರು. ಹಾಗಾದರೆ ಯಾಕೆ ಬಂದೆ ಮಾರಾಯ್ತಿ — ಕೂಳೂರು ಸೇತುವೆಯ ಮೇಲೆ ಲಾರಿಗಳ ಹಿಂದೆ ನಿಂತಾಗಲೂ ಕೇಳಿಕೊಂಡಿದ್ದಳು, ಕೊಡಿಯಾಲ್‌ಬೈಲಿನ ಫ್ಲಾಟಿನಲ್ಲಿ ಫ್ರಿಜ್ಜಿನ ಸದ್ದು ಮಾತ್ರ ಇದೆ, ಅದಕ್ಕಿರಬಹುದು. ನಿಧಾನವಾಗಿ ಒಂದು ಹೆಜ್ಜೆ ಹಿಂದೆ ಇಟ್ಟಳು, ಹಗ್ಗ ಬಿಗಿಯಿತು, ಮಡಚಿದ ತುದಿಯ ಮೇಲಿನ ಮರಳು ಜರಿಯಿತು, ಪಟ ಒಮ್ಮೆ ನಡುಗಿ ಬಿಚ್ಚಿಕೊಂಡು ನಿಂತಿತು, ಹೆಬ್ಬೆರಳು ತಾನಾಗಿ ಮೇಲೆದ್ದಿತ್ತು, ಯಾರಿಗೆ, ಇನ್ನೊಂದು ಹೆಜ್ಜೆ, ಎದ್ದಿತು, ಏರಿತು, ಕಿತ್ತಳೆ ಬಣ್ಣದ ಅಷ್ಟು ದೊಡ್ಡ ಬಟ್ಟೆ ಸದ್ದಿಲ್ಲದೆ ನೆತ್ತಿಯ ಮೇಲೆ ಹೋಗಿ ನಿಂತಿತು, ಪೌಲ್ ನೋಡು ಎಂದು ತಿರುಗಿದಳು, ನಾಯಿ ನೋಡುತ್ತಿತ್ತು.

ನೀರಿನ ಮೇಲೆ ಯೋಚನೆ ಇರಲಿಲ್ಲ, ಅದಕ್ಕೇ ಅಲ್ಲವೇ ಬರುವುದು, ತೊಡೆ ಉರಿಯುತ್ತದೆ, ಉಪ್ಪು ಮುಖಕ್ಕೆ ಹೊಡೆಯುತ್ತದೆ, ಅತ್ತ ಹೋದರೆ ಹಡಗು ಇತ್ತ ಬಂದರೆ ಮರ, ನಾಲ್ಕು ಸಲ ಐದು ಸಲ, ಆರನೆಯ ಸಲ ಹಿಂತಿರುಗುವಾಗ ಗಾಳಿ ಹೆಚ್ಚಾದದ್ದು ಭುಜಕ್ಕೆ ಮೊದಲು ಗೊತ್ತಾಯಿತು, ಅಲೆಗಳ ತಲೆ ಬೆಳ್ಳಗಾಗಿತ್ತು, ಸಾಕು, ಇನ್ನು ಈ ಪಟ ನನಗೆ ದೊಡ್ಡದು, ದಡ. ಹಲಗೆಯನ್ನು ಮೊಣಕಾಲು ನೀರಿನಲ್ಲಿ ಬಿಟ್ಟು ಮರಳಿಗೆ ಬಂದಳು, ಪಟ ತಲೆಯ ಮೇಲೆ ನಿಂತು ಎಳೆಯುತ್ತಿದೆ, ಹಿಮ್ಮಡಿ ಊರಿದರೂ ಪಾದ ಎರಡು ಗೆರೆ ಕೊರೆಯುತ್ತ ಜಾರುತ್ತಿದೆ, ಮರದ ಕಡೆಗೆ, ಮತ್ತು ಬಲಗೈ ಹಗ್ಗಗಳ ಹಿಡಿಕೋಲಾದ ಬಾರ್ ಬಿಟ್ಟು ಮೇಲೆದ್ದು ತಲೆಯ ಮೇಲೆ ಎರಡು ಸಲ ತಟ್ಟಿತು. ಇಳಿಸಿಕೊಳ್ಳಿ ಎಂಬ ಸನ್ನೆ. ಹೆಂಕ್ ಕಲಿಸಿದ್ದು, ಗಾಳಿಯಲ್ಲಿ ಕೂಗು ಕೇಳಿಸುವುದಿಲ್ಲ ಸಿಸ್ಟರ್, ತಲೆ ತಟ್ಟಿ ತೋರಿಸಬೇಕು, ಪ್ರಪಂಚದ ಯಾವ ದಡದಲ್ಲಾದರೂ ಅರ್ಥವಾಗುತ್ತದೆ, ದಡದಲ್ಲಿದ್ದವರು ತಮ್ಮ ತಲೆ ತಟ್ಟಿಕೊಂಡು ಉತ್ತರ ಕೊಡುತ್ತಾರೆ, ಆಯಿತು, ನಾನಿದ್ದೇನೆ, ತಾ ಇಲ್ಲಿ ಎಂದು. ಉತ್ತರ ಬರುವವರೆಗೆ ಇಳಿಸಬಾರದು. ಪೌಲ್ ಉತ್ತರ ಕೊಡುವಾಗ ಹಳದಿ ಟೋಪಿ ಪ್ರತಿ ಸಲ ಕಣ್ಣಿನ ಮೇಲೆ ಬೀಳುತ್ತಿತ್ತು, ಒಂದು ಭಾನುವಾರ ಬದ್ರುದ್ದೀನ್ ನೋಡಿ, ಎಂತ ಪೊರ್ಬುಗಳೇ, ತಲೆಯಲ್ಲಿ ಹೇನುಂಟಾ ಎಂದದ್ದಕ್ಕೆ ಪೌಲ್, ಹೇನಲ್ಲ ಮಾರಾಯ, ನನ್ನ ಹೆಂಡತಿ ಆಕಾಶದಿಂದ ಇಳೀತಾಳಂತೆ, ದಾರಿ ಬಿಡು. ಅವಳಿಗೆ ಕೇಳಿಸಿರಲಿಲ್ಲ, ಆಮೇಲೆ ಚಹಾ ಕುಡಿಯುವಾಗ ಬದ್ರುದ್ದೀನ್ ಹೇಳಿ ನಕ್ಕದ್ದು, ಪೌಲ್ ಮಾತ್ರ ಲೋಟದೊಳಗೆ ನೋಡುತ್ತ ಕೂತಿದ್ದ, ನಾಚಿಕೆ ಅವನಿಗೆ. ಮತ್ತೆ ಎರಡು ಸಲ ತಟ್ಟಿದಳು, ಬುದ್ಧಿಗೆಟ್ಟವಳೇ, ಯಾರಿದ್ದಾರೆ ಎಂದು, ಗಾಳಿಮರಗಳು ಒಂದೇ ಸಮನೆ ಆಚೀಚೆ ತೂಗುತ್ತಿದ್ದವು, ನಾಯಿ ಎದ್ದು ಹೋಗಿತ್ತು, ಮತ್ತು ಅವಳು ಏನು ನೆನೆಯಬಾರದೆಂದು ಸೇತುವೆಯಿಂದ ಇಲ್ಲಿಯವರೆಗೆ ಜಾಗ್ರತೆ ಮಾಡಿಕೊಂಡು ಬಂದಿದ್ದಳೋ ಅದು ಎದುರಿಗೆ ಬಂದು ನಿಂತಿತು, ಬಿಳಿ ಚಾದರ, ಮಣಿಕಟ್ಟಿಗೆ ಆಸ್ಪತ್ರೆಯ ಪಟ್ಟಿ ಕಟ್ಟಿದ ಬಲಗೈ, ತಲೆಯ ಮೇಲೆ ಎರಡು ಸಲ.

ಡಿಸೆಂಬರ್ ಐದಕ್ಕೆ ಪೌಲ್‌ನ ಮೆದುಳಿನಲ್ಲಿ ರಕ್ತನಾಳ ಒಡೆದದ್ದು, ಹದಿನಾರಕ್ಕೆ ಮುಗಿದದ್ದು, ನಡುವೆ ಹನ್ನೊಂದು ದಿನ, ಬಾಯಲ್ಲಿ ನಳಿಗೆ, ಮಾತಿಲ್ಲ, ಎಡಭಾಗ ಸತ್ತೇಹೋಗಿತ್ತು, ಬಲಗೈ ಮಾತ್ರ ಇತ್ತು. ನಾಲ್ಕನೆಯ ದಿನ ಡಾಕ್ಟರು ಹೊರಗೆ ಕರೆದು, ಸಿಸ್ಟರ್, ನಿಮಗೆ ಗೊತ್ತಿಲ್ಲದ್ದು ನಾನೇನು ಹೇಳಲಿ, ಉಸಿರಿನ ಮಷೀನ್ ಇಡುವುದಾ ತೆಗೆಯುವುದಾ ಮನೆಯವರು ಕೂತು ಮಾತಾಡಿ ಎಂದರು, ಒಳಗೆ ಬಂದು ನೋಡಿದರೆ ಕೈ ಮೇಲೆದ್ದಿದೆ. ಎರಡು ಸಲ, ತಡೆದು, ಎರಡು ಸಲ. ಅಂಕಲ್‌ಗೆ ತಲೆನೋವಾ ಆಂಟಿ ಎಂದು ಮೆಲಿಸಾ, ಆ ವಾರ್ಡಿನ ನರ್ಸು, ಒಳ್ಳೆಯ ಹುಡುಗಿ. ಮಮ್ಮಾ ಡ್ಯಾಡಿ ಯಾಕೆ ಹಾಗೆ ಮಾಡ್ತಾರೆ ಎಂದು ಬೆನಿಟಾ. ಹೌದು, ತಲೆನೋವಿರಬೇಕು, ನೋವಿನ ಔಷಧಿ ಹಾಕು ಮಗಾ ಎಂದವಳು ಜಾನೆಟ್. ತಲೆನೋವೇ ಇರಬಹುದಿತ್ತು, ತಲೆಯೊಳಗೆ ಅಷ್ಟು ರಕ್ತ ಇದ್ದರೆ ನೋಯದೆ ಇರುತ್ತದೆಯೇ, ಎಷ್ಟು ರೋಗಿಗಳು ಹಾಗೆ ತಲೆ ಮುಟ್ಟಿಕೊಳ್ಳುತ್ತಾರೆ — ಆದರೆ ನೋವಿನವರು ಒತ್ತಿಕೊಳ್ಳುತ್ತಾರೆ, ತಟ್ಟುವುದಿಲ್ಲ, ಎಣಿಸಿ ಎರಡು ಸಲ ತಟ್ಟಿ ನಿನ್ನ ಮುಖವನ್ನೇ ನೋಡುತ್ತ ಕಾಯುವುದಿಲ್ಲ. ಮೂರು ದಿನ ಕಾದ, ಆಮೇಲೆ ಕೈಯೂ ಹೋಯಿತು. ಹದಿನಾರು ವರ್ಷ ದಡದಲ್ಲಿ ನಿಂತವನು ಒಮ್ಮೆ ಕೇಳಿದ್ದು, ಆ ಕೋಣೆಯಲ್ಲಿ ಆ ಸನ್ನೆ ಗೊತ್ತಿದ್ದವಳು ಅವಳೊಬ್ಬಳೇ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ಇನ್ನೂ ನೋಡೋಣ ಡಾಕ್ಟರೇ ಎಂದಳು, ಇನ್ನೂ ನೋಡೋಣ. ಮರಳಿನಲ್ಲಿ ಮತ್ತೆ ಜಾರಿದಳು, ಮೂರು ಮಾರು, ಮರ ಈಗ ಮೂವತ್ತು ಮೀಟರ್ ಇರಬಹುದು, ಅಳುವುದಾದರೆ ಆಮೇಲೆ ಅಳು, ಪಟವನ್ನು ಕಡಲ ಕಡೆಗೆ ತಗ್ಗಿಸು, ಇನ್ನೂ ತಗ್ಗಿಸು, ಮರಳಿನ ಹತ್ತಿರ, ಈಗ ಕೆಂಪು ಹಿಡಿ, ಮುಂದಕ್ಕೆ ತಳ್ಳು, ಬೆರಳಿಗೆ ಸಿಕ್ಕಿತು, ತಳ್ಳಲಿಲ್ಲ. ಒಮ್ಮೆಯೂ ತಳ್ಳಿದವಳಲ್ಲ, ಸದಾ ಹಿಡಿಯುವವನು ಇದ್ದ. ಬೀಳುವುದಿಲ್ಲ ಸಿಸ್ಟರ್, ಗಾಳಿ ಅದನ್ನು ಬಿಟ್ಟು ಹಾದುಹೋಗುತ್ತದೆ ಅಷ್ಟೇ, ಪಟಕ್ಕೆ ಏನೂ ಆಗುವುದಿಲ್ಲ, ಹೆಂಕ್ ಹೇಳಿದ್ದು. ಸೊಡುಂಗೀ. ಯಾರು ಕೇಳಿದ್ದು. ಸೊಡುಂಗೀ. ತಳ್ಳಿದಳು. ಬಾರ್ ಕೈಯಿಂದ ಚಿಮ್ಮಿ ಹಗ್ಗದುದ್ದಕ್ಕೂ ಓಡಿತು, ಸೊಂಟದ ಎಳೆತ ಒಮ್ಮೆಗೇ ನಿಂತು ಅವಳೇ ಕುಕ್ಕರಿಸಿದಳು, ಅಲ್ಲಿ ಪಟ ಮಗುಚಿ, ಒಮ್ಮೆ ಪಟಪಟ ಬಡಿದು, ಒದ್ದೆ ಮರಳಿನ ಮೇಲೆ ಮಲಗಿತು. ಇಷ್ಟೇ ಇತ್ತು. ಇಷ್ಟೇ. ಎದ್ದು ಸುರಕ್ಷತೆಯ ಹಗ್ಗಕ್ಕೆ ಸೇರಿದ ಆ ಒಂದೇ ಹಗ್ಗ ಹಿಡಿದು ನಡೆದಳು, ಕೈಗೆ ಸುತ್ತಿಕೊಳ್ಳಬಾರದು, ಸುತ್ತಿದರೆ ಬೆರಳು ಕತ್ತರಿಸುತ್ತದೆ, ಉಳಿದ ಮೂರನ್ನು ಮುಟ್ಟಬಾರದು, ಮುಟ್ಟಿದರೆ ಪಟಕ್ಕೆ ಮತ್ತೆ ಜೀವ ಬರುತ್ತದೆ, ಒಂದು ಕೈ, ಇನ್ನೊಂದು ಕೈ, ಇಪ್ಪತ್ತನಾಲ್ಕು ಮೀಟರ್, ಉಬ್ಬಿದ ಅಂಚು ಸಿಕ್ಕಿತು, ತಿರುಗಿಸಿ ಮಲಗಿಸಿದಳು, ಬೊಗಸೆಯಲ್ಲಿ ಮರಳು ತೆಗೆದು ಹಾಕಿದಳು, ಮತ್ತೊಂದು ಬೊಗಸೆ, ಸಾಕಾಗಿತ್ತು, ಇನ್ನೂ ಹಾಕಿದಳು, ಪಟ ಅಲುಗುವುದನ್ನು ಬಿಟ್ಟಿತು. ಬೆನಿಟಾ ಕೇಳುತ್ತಾಳೆ, ಬದ್ರುದ್ದೀನ್ ಸರಿ ಹಿಡಿದನಾ. ಹೇಳಬೇಕು, ಬದ್ರುದ್ದೀನ್ ಇರಲಿಲ್ಲ ಮಗಾ, ಮತ್ತೆ ಇನ್ನೊಂದೂ ಹೇಳಬೇಕು, ತಲೆನೋವಲ್ಲ ಅದು — ಎಲ್ಲಿಂದ ಸುರು ಮಾಡುವುದು, ಬಲಗೈ ಎತ್ತಿದಳು, ಮರಳು ಮೆತ್ತಿದ ಕೈ, ತನ್ನ ತಲೆಯ ಮೇಲೆ ಎರಡು ಸಲ, ಆಯಿತು, ನಾನಿದ್ದೇನೆ, ತಾ ಇಲ್ಲಿ, ಕೂದಲಿನಿಂದ ಮರಳು ಕಣ್ಣಿಗೆ ಉದುರಿತು, ಕಣ್ಣು ಮುಚ್ಚಿದರೆ ಬಿಳಿ ಚಾದರ, ಉತ್ತರ ಅವನಿಗೆ ಕಂಡಿಲ್ಲ, ಇನ್ನೂ ಇತ್ತಲೇ ನೋಡುತ್ತಿದ್ದಾನೆ, ಪಟ್ಟಿ ಕಟ್ಟಿದ ಕೈ ಮೇಲೇಳುತ್ತಿದೆ, ಎರಡು ಸಲ, ತಡೆದು, ಎರಡು ಸಲ, ತಡೆದು