ನಿಧಾನದ ಡೆಕ್ಕು, ಅರ್ಧ ಗಂಟೆ

ಹೋದ ವರ್ಷ ಸೊಲ್ಲಾಪುರದ ಕಾರ್ಡಿನ ಪಂದ್ಯಾವಳಿಯಲ್ಲಿ ವರದಾ ಕೊನೆಯ ಆಟ ಸೋತದ್ದು ಕಾರ್ಡು ಕೆಟ್ಟದಾಗಿ ಬಿದ್ದು ಅಲ್ಲ, ವೇಳೆ ಮುಗಿದು.

ಅಕ್ಕಲಕೋಟದ ಒಂದು ವಿಮಾ ಕಚೇರಿಯಲ್ಲಿ ಅವಳಿಗೆ ಕೆಲಸ. ಆಟಕ್ಕೆ ಅವಳು ಆರಿಸಿ ಜೋಡಿಸಿಕೊಂಡ ಕಾರ್ಡಿನ ಕಟ್ಟು ನಿಧಾನದ ಡೆಕ್ಕು. ಮೊದಲ ಏಳೆಂಟು ಸುತ್ತು ಏಟು ತಡೆದುಕೊಂಡು ಹೇಗೋ ಬದುಕಿರಬೇಕು. ಸುತ್ತಿಗೊಂದರಂತೆ ಶಕ್ತಿ ಕೂಡಿದ ಮೇಲೆ ದೊಡ್ಡ ಕಾರ್ಡು ಇಳಿಸಿ ಎದುರಾಳಿಯ ಜೀವವೆಲ್ಲ ಕಳೆದು ಗೆಲ್ಲಬೇಕು. ಆದರೆ ಆಟಕ್ಕೆ ಅರ್ಧ ಗಂಟೆ ಮಾತ್ರ. ಅಷ್ಟರಲ್ಲಿ ತೀರ್ಮಾನವಾಗದಿದ್ದರೆ ಹೆಚ್ಚು ಜೀವ ಉಳಿಸಿಕೊಂಡವರದೇ ಗೆಲುವು. ಎದುರಾಳಿ ನಿತಿನ, ಟವೆಲ್ ವ್ಯಾಪಾರಿಗಳ ಮನೆಯವ, ಸಣ್ಣ ಸೈನಿಕರನ್ನು ಬೇಗಬೇಗ ಇಳಿಸಿ ಹೊಡೆಯುತ್ತಿದ್ದ. ಕೊನೆಗೆ ಮುಂದಿದ್ದಾಗ ಮಾತ್ರ ಒಂದೊಂದು ಕಾರ್ಡನ್ನೂ ತಿರುಗಿಸಿ ಮುರುಗಿಸಿ ನೋಡುತ್ತ ಕೂತ. ವರದಾಗೆ ಗೊತ್ತಾಗಿತ್ತು. ತೀರ್ಪುಗಾರರನ್ನು ಮಾತ್ರ ಕರೆಯಲಿಲ್ಲ.

ಊರಲ್ಲಿ ಅಭ್ಯಾಸಕ್ಕೆ ಜೊತೆ ಸಿಗದೆ ಅವಳು ಒದ್ದಾಡುವುದನ್ನು ನೋಡಿ ಸೋದರತ್ತೆ ವೇಣೂಬಾಯಿ ತಾವೇ ಆಟ ಕಲಿತರು. ಕೋರ್ಟಿನಲ್ಲಿ ಸ್ಟೆನೊ ಆಗಿ ನಿವೃತ್ತರಾದವರು. ಸಂಜೆ ಚಹಾ ಆದ ಮೇಲೆ ನಿತಿನನದಂಥದೇ ಡೆಕ್ಕು ಹಿಡಿದು ಕೂರುತ್ತಿದ್ದರು.

"ಇಷ್ಟ್ಯಾಕ ವಿಚಾರ ಮಾಡ್ತೀ?" ಎಂದರು ಒಂದು ದಿನ. "ಡೆಕ್ಕು ನಿಧಾನ ಇರಲಿ, ಕೈ ಯಾಕ ನಿಧಾನ? ಮೊದಲಿನ ನಾಕು ಸುತ್ತಿನ್ಯಾಗ ನಿನಗ ಮಾಡೂದರ ಏನದ? ಲಗೂನ ಆಡಿ ಮುಗಸು. ಉಳದ ವ್ಯಾಳ್ಯಾ ಮುಂದ ಬೇಕಾಗ್ತದ."

"ಮತ್ತ ಅಂವಾ ತಡಾ ಮಾಡಿದ್ರ, ಅತ್ಯಾ?"

"ಬಾಯಿ ಅದ ಅಲ್ಲೇನ ನಿನಗ? ತೀರ್ಪು ಹೇಳೋ ಪಂಚರನ್ನ ಕರಿ."

ಈ ವರ್ಷವೂ ಕೊನೆಗೆ ಉಳಿದವರು ಅವರಿಬ್ಬರೇ. ಸೊಲ್ಲಾಪುರದ ನವಿಪೇಠದ ಅಂಗಡಿಯೊಂದರ ಮಹಡಿಯಲ್ಲಿ ಆಟ. ವರದಾ ಬೇಗಬೇಗ ಆಡಿದ್ದರಿಂದ ಮೊದಲ ನಾಲ್ಕು ಸುತ್ತು ಐದೇ ನಿಮಿಷದಲ್ಲಿ ಮುಗಿದವು. ಐದನೆಯದಕ್ಕೆ ನಿತಿನನ ಮೂವರು ಸೈನಿಕರು ಮೇಜಿನ ಮೇಲಿದ್ದರು. ಅವಳ ಇಪ್ಪತ್ತು ಜೀವ ಹದಿಮೂರಕ್ಕೆ ಇಳಿದಿತ್ತು.

ಕೈಯಲ್ಲಿ 'ಮಹಾಪೂರ' ಇತ್ತು: ಮೇಜಿನ ಮೇಲಿರುವುದನ್ನೆಲ್ಲ ಒಮ್ಮೆಗೇ ಕೊಚ್ಚಿಹಾಕುವ ಕಾರ್ಡು. ಇಡೀ ಡೆಕ್ಕಿನಲ್ಲಿ ಅದೊಂದೇ. ಈಗಲೇ ಹಾಕಿದರೆ ಹೋಗುವವರು ಮೂವರು. ನಿತಿನನ ಕೈಯಲ್ಲಿ ಇನ್ನೂ ನಾಲ್ಕು ಕಾರ್ಡು, ಸುತ್ತಿಗೊಂದು ಹೊಸದು ಬೇರೆ ಬರುತ್ತದೆ. ತಡೆದರೆ, ಗೆಲುವು ಹತ್ತಿರ ಬಂತೆಂದು ಅವನು ಕೈ ಬರಿದು ಮಾಡಿಕೊಂಡಾನು. ಕಾದಳು. ಕಾವಲುಗಾರನೊಬ್ಬನನ್ನು ಮುಂದಿಟ್ಟು ಏಟು ತಿಂದಳು. ಜೀವ ಒಂಬತ್ತು. ಇನ್ನಿಬ್ಬರು ಸೈನಿಕರು ಬಂದರು. ನಾಲ್ಕು. ಮತ್ತಿಬ್ಬರು. ಆಗ ಮಹಾಪೂರ ಹಾಕಿದಳು.

ಏಳೂ ಜನ ಕೊಚ್ಚಿಹೋದರು. ಮರುಸುತ್ತಿಗೆ ಅವಳ ದೊಡ್ಡ ಆನೆ ಇಳಿಯಿತು. ಅದು ಮೂರು ಸಲ ಹೊಡೆದರೆ ಆಟ ಮುಗಿಯುತ್ತದೆ. ಒಂದು ಸಲ ಹೊಡೆಯಿತು. ನಿತಿನನಿಗೆ ಇನ್ನೂ ಹನ್ನೆರಡು ಜೀವ, ಅವಳಿಗೆ ನಾಲ್ಕೇ. ಅವನು ಕೈಯಲ್ಲಿದ್ದ ಎರಡು ಕಾರ್ಡನ್ನು ನೋಡುತ್ತ ಕೂತ. ಒಂದು ನಿಮಿಷ ಹೋಯಿತು, ಎರಡು ಹೋದವು. ಐದು ನಿಮಿಷ ಉಳಿದಾಗ ವರದಾ ಕೈ ಎತ್ತಿದಳು.

ತೀರ್ಪುಗಾರ ಸೋಮೇಶ ಬಂದರು.

"ಇವರು ಬೇಕಂತ ತಡಾ ಮಾಡಾಕತ್ತಾರ್ರಿ." ಅವಳ ದನಿ ಅವಳಿಗೇ ದೊಡ್ಡದೆನಿಸಿತು.

"ವಿಚಾರ ಮಾಡಾಕತ್ತೀನ್ರಿ," ಎಂದ ನಿತಿನ.

"ಎರಡ ಕಾರ್ಡ ಅದಾವ. ಅರ್ಧಾ ನಿಮಿಷದಾಗ ಆಡ್ರಿ," ಎಂದು ಸೋಮೇಶ ಅಲ್ಲೇ ನಿಂತರು.

ನಿತಿನನ ಕಿವಿ ಕೆಂಪಾದವು. ಒಬ್ಬ ಸೈನಿಕನನ್ನು ಇಳಿಸಿದ. ಮುಂದಿನ ಸುತ್ತಿಗೆ ಅವನ ಏಟು ಬಿದ್ದು ವರದಾಗೆ ಎರಡು ಜೀವ ಉಳಿದವು. ಅಷ್ಟರಲ್ಲಿ ಆನೆ ಎರಡನೆಯ ಸಲ ಹೊಡೆದಾಗಿತ್ತು. ಮೂರನೆಯ ಏಟು ಬಿದ್ದಾಗ ನಲವತ್ತು ಸೆಕೆಂಡು ಬಾಕಿಯಿತ್ತು.

"ಹ್ವಾದ ವರ್ಷನೂ ಹಿಂಗ ಮಾಡಿದ್ದೆ," ಎಂದ ನಿತಿನ, ಕಾರ್ಡು ಜೋಡಿಸುತ್ತ, ತಲೆ ಎತ್ತದೆ. "ಆವಾಗ ಯಾಕ ಕರೀಲಿಲ್ರಿ?"

"ಜಗಳಾಡಿಧಂಗ ಆಗ್ತದ ಅಂತ ಅಂಜಿದ್ದೆ."

ಅವನು ತಲೆಯಾಡಿಸಿ ಕೈ ಕುಲುಕಿದ.

ಬಸ್ಸಿನಲ್ಲಿ ಕೂತು ಅತ್ತೆಗೆ ಫೋನು ಮಾಡಿದಳು. ಗೆದ್ದದ್ದು ಕೇಳಿ ಅವರು ಮೊದಲು ಕೇಳಿದ್ದು, "ಎಷ್ಟು ಜೀವ ಉಳದಿದ್ವು?"

"ಎರಡು," ಎಂದು ಮಹಾಪೂರ ಹಾಕಿದ ಸುತ್ತನ್ನೂ ವಿವರಿಸಿದಳು.

"ಅಯ್ಯ, ಒಂದು ಸುತ್ತು ಮೊದಲ ಹಾಕಬೇಕಿತ್ತು ಮಹಾಪೂರ. ಕಡೀಕ ಅವನ ಕಡೆ ಇಬ್ಬರು ಬಂದಿದ್ರ ಏನು ಮಾಡ್ತಿದ್ದಿ?"

ವರದಾ ದಾರಿಯಲ್ಲಿ ವಳಸಂಗ ಬರುವವರೆಗೂ ಯೋಚಿಸಿದಳು. ಮೊದಲೇ ಹಾಕಿದ್ದರೆ ಅವನ ಕೈಯಲ್ಲಿ ಮೂರು ಕಾರ್ಡು ಉಳಿಯುತ್ತಿದ್ದವು. ತನಗೆ ಒಂಬತ್ತು ಜೀವ. ಯಾವುದು ಸರಿಯೋ ಬಗೆಹರಿಯಲಿಲ್ಲ. ಸಂಜೆ ಆ ಸುತ್ತಿನಿಂದಲೇ ಮತ್ತೆ ಆಡಿ ನೋಡೋಣ ಎಂದು ಅತ್ತೆಗೆ ಮೆಸೇಜು ಕಳಿಸಿದಳು.