ಹೆಸರು ಹೇಳದೆ ಮುಚ್ಚಬಾರದು

ನಾನು ಒಂದು ವ್ಯಾಸಪೀಠ. ಪುಸ್ತಕವನ್ನು ನೆಲಕ್ಕೆ ತಾಗಿಸದೆ ಹೊತ್ತು ನಿಲ್ಲುವುದು ನನ್ನ ಕೆಲಸ. ಮೈಸೂರಿನ ವೀರಭದ್ರಾಚಾರಿ ಒಂದೇ ಬೀಟೆ ಹಲಗೆಯನ್ನು ಸೀಳಿ, ಮೊಳೆ ಹೊಡೆಯದೆ, ಕತ್ತರಿಯಂತೆ ತೆರೆದು ಮುಚ್ಚುವ ಹಾಗೆ ನನ್ನನ್ನು ಮಾಡಿದ.

ನನ್ನನ್ನು ಮನೆಗೆ ತಂದವರು ಗಮಕಿ ನರಹರಯ್ಯನವರು. ಅವರು ಅರ್ಧ ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸಿದರೆ ಎದುರಿಗೆ ಕೂತವರು ಅರ್ಥ ಹೇಳುವರು. ನಾನು ಕೇಳುವೆ. ಕೇಳುವುದೇ ನನ್ನ ಪೂಜೆ. ಪಕ್ಕದಲ್ಲಿ ಮಗಳು ಕನಕಾಂಬ ಕೂತು, ಅಪ್ಪ ಎಲ್ಲಿ ಉಸಿರು ಬಿಡುತ್ತಾರೆಂದು ಕಲಿಯುತ್ತಿದ್ದಳು. ಓದು ಮುಗಿದಾಗ ಅವರು ಕವಿಯ ಹೆಸರೆತ್ತಿ ಕೈಮುಗಿಯುವರು.

"ಬರೆದವರ ಹೆಸರು ಹೇಳದೆ ಪುಸ್ತಕ ಮುಚ್ಚಬಾರದು ಮಗಳೆ. ಪಾಪ ಸುತ್ಕೊಳ್ಳುತ್ತೆ."

ಅವರ ನಂತರ ನಾನು ಕನಕಾಂಬಳ ಪಾಲಿಗೆ ಬಂದೆ. ಕಾವ್ಯವಿದ್ದ ಜಾಗಕ್ಕೆ ರೂಲ್ಡ್ ಹಾಳೆಗಳು ಬಂದವು. ಅವಳು ನೆಲದ ಮೇಲೆ ಕೂತು 'ಕೆಳಗಿನ ಮನೆ ಕಾಮಾಕ್ಷಮ್ಮ' ಎಂಬ ಹಾಸ್ಯ ಧಾರಾವಾಹಿ ಬರೆದಳು. ಟಿವಿಯಲ್ಲಿ ಕಾಮಾಕ್ಷಮ್ಮನೂ ಅವಳೇ. ಒಗ್ಗರಣೆಗೆ ಸಾಸಿವೆ ಕೇಳಲು ಬಂದು ಇಡೀ ವಠಾರದ ಗುಟ್ಟು ಹೊತ್ತು ಹೋಗುವ ಹೆಂಗಸು. ಊರೆಲ್ಲ ನಕ್ಕಿತು.

ಆದರೆ ಪರದೆಯ ಮೇಲೆ 'ರಚನೆ, ನಿರ್ದೇಶನ: ಹರಿಕಾಂತ್' ಎಂದು ಬಂತು. ಹರಿಕಾಂತ್ ನಿರ್ದೇಶಕ, ಕಾಮಾಕ್ಷಮ್ಮನ ಗಂಡನ ಪಾತ್ರವೂ ಅವನದೇ.

"ಸಾರ್, ನನ್ನ ಹೆಸರು ಬಿಟ್ಟುಹೋಗಿದೆ," ಎಂದಳು ಕನಕಾಂಬ.

"ಮುಖ ಬರ್ತಿದೆಯಲ್ಲಮ್ಮ ದಿನಾ. ಹೆಸರೂ ಬೇಕೆ? ಹೆಂಗಸು ಬರೆದದ್ದು ಅಂದ್ರೆ ಯಾರು ನಗ್ತಾರೆ?"

ಅವಳು ಮುಂದಿನ ಕಂತಿನ ಹಾಳೆ ತೆಗೆದಳು. ಕಾವ್ಯದ ಹೆಂಗಸರು ಸೇಡಿಗಾಗಿ ವರ್ಷಗಟ್ಟಲೆ ಕಾಯುವುದನ್ನು ನಾನು ಕೇಳಿದ್ದೇನೆ. ನಾನೂ ಕಾದೆ.

ಹರಿಕಾಂತನಿಗೆ ಒಂದು ಸಾಲೂ ಬಾಯಿಗೆ ಬರುತ್ತಿರಲಿಲ್ಲ. ಅವನ ಶಾಟ್ ತೆಗೆಯುವಾಗಲೆಲ್ಲ ಕ್ಯಾಮೆರಾ ಪಕ್ಕದಲ್ಲಿ ನನ್ನ ಮೇಲೆ ಹಾಳೆಯಿಟ್ಟು ಕನಕಾಂಬಳೇ ಪ್ರಾಂಪ್ಟ್ ಮಾಡಬೇಕು. ಅವಳು ಅರ್ಧ ಸಾಲು ಹೇಳಿ ಉಸಿರು ಬಿಟ್ಟರೆ ಅವನು ಅದನ್ನೇ ಒಪ್ಪಿಸುವನು. ಎರಡು ವರ್ಷ ಹೀಗೆ ನಡೆದು, ಅವಳ ದನಿ ಕಿವಿಗೆ ಬಿದ್ದರೆ ಸಾಕು, ಅವನ ಬಾಯಿ ತಾನೇ ತೆರೆಯುತ್ತಿತ್ತು.

ಐನೂರನೇ ಕಂತಿನ ಸಮಾರಂಭ ಬಂತು. ತುಂಬಿದ ಸಭೆ, ನೇರ ಪ್ರಸಾರ. ಶ್ರೇಷ್ಠ ಸಂಭಾಷಣೆಕಾರ ಎಂಬ ಸನ್ಮಾನ ಹರಿಕಾಂತನಿಗೆ.

"ಕನಕಮ್ಮ, ಕೃತಜ್ಞತೆ ಭಾಷಣ ಬರ್ಕೊಂಡು ಸೈಡ್ ಪರದೆ ಹಿಂದೆ ಕೂತಿರಿ. ಯಾವಾಗಲೂ ಹೇಳ್ಕೊಡೋ ಹಾಗೆ ಹೇಳ್ಕೊಡಿ."

"ಹಾಗೇ ಹೇಳ್ಕೊಡ್ತೀನಿ ಸಾರ್."

ಅವಳು ನನ್ನನ್ನು ತೆರೆದಳು. ಮೇಲೆ ಹಾಳೆಯಿಟ್ಟಳು. ಅದರಲ್ಲಿ ಇದ್ದುದು ನಾಲ್ಕೇ ಸಾಲು. ಅಪ್ಪನ ಉಸಿರಿನಲ್ಲಿ ಶುರು ಮಾಡಿದಳು.

"ಐನೂರು ಕಂತು ನಿಮ್ಮನ್ನು ನಗಿಸಿದ ಮಾತುಗಳು..."

"ಐನೂರು ಕಂತು ನಿಮ್ಮನ್ನು ನಗಿಸಿದ ಮಾತುಗಳು," ಎಂದ ಹರಿಕಾಂತ್, ಎದೆಯ ಮೇಲೆ ಕೈಯಿಟ್ಟು.

"ಒಂದೂ ನನ್ನವಲ್ಲ."

"ಒಂದೂ ನನ್ನವಲ್ಲ."

ಸಭೆ ವಿನಯವೆಂದು ಚಪ್ಪಾಳೆ ತಟ್ಟಿತು. ಅವನು ಅದಕ್ಕೂ ಬಾಗಿದ.

"ಅಷ್ಟನ್ನೂ ಬರೆದವಳು..."

"ಅಷ್ಟನ್ನೂ ಬರೆದವಳು..."

"ಕನಕಾಂಬ."

"ಕನಕಾಂಬ."

ಹೇಳಿದ ಮೇಲೆ ಅದು ಅವನ ಕಿವಿಗೂ ಬಿತ್ತು. ಅವನ ಬಾಯಿ ತೆರೆದೇ ಉಳಿಯಿತು. ಹಾಳೆ ಅಲ್ಲಿಗೆ ಮುಗಿದಿತ್ತು. ಕೊನೆಗೆ ಪರದೆಯ ಕಡೆ ತಿರುಗಿ, ಮೈಕಿನಲ್ಲೇ ಕೇಳಿದ:

"ಮುಂದೆ?"

ಐನೂರು ಕಂತಿಗೂ ಅಷ್ಟು ನಗು ಬಂದಿರಲಿಲ್ಲ. ಅವಳು ಹಾಳೆಗೆ ಕೈಮುಗಿದು ನನ್ನನ್ನು ಮುಚ್ಚಿದಳು.

ಮುಂದಿನ ವಾರ ಕಾಮಾಕ್ಷಮ್ಮನ ಫೋಟೋಗೆ ಹಾರ ಹಾಕಿ ಅವಳನ್ನು ಕತೆಯಿಂದ ತೆಗೆದರು. ಬರೆಯುವವರಿಲ್ಲದೆ ಧಾರಾವಾಹಿ ಎರಡೇ ತಿಂಗಳಲ್ಲಿ ನಿಂತುಹೋಯಿತು. ಕನಕಾಂಬ ಹೊಸದೊಂದು ಧಾರಾವಾಹಿ ಬರೆದಳು, ಮೊದಲ ಹಾಳೆಯಲ್ಲೇ ತನ್ನ ಹೆಸರು ಬರೆದು.

ಈಗ ನನ್ನ ಒಂದು ಕಾಲು ಸೀಳಿದೆ. ಕಿಟಕಿಯ ಕೆಳಗೆ ಮಡಿಸಿ ಇಟ್ಟಿದ್ದಾರೆ. ಕ್ಷಮೆ ದೊಡ್ಡದೆಂದು ನನ್ನ ಮೇಲೇ ಎಷ್ಟೋ ಸಂಜೆ ಓದಿದ್ದಾರೆ. ಇದ್ದೀತು. ಹರಿಕಾಂತ್ ತೀರಿಹೋಗಿ ಆರು ವರ್ಷವಾಯಿತು. ಆದರೂ ನರೆತ ಕನಕಾಂಬ ಒಮ್ಮೊಮ್ಮೆ ಫೋನಿನಲ್ಲಿ ಆ ಸಮಾರಂಭ ಹಾಕಿಕೊಂಡು, "ಮುಂದೆ?" ಎಂಬಲ್ಲಿಗೆ ನಿಲ್ಲಿಸುತ್ತಾಳೆ.

ಇನ್ನೊಂದು ಸಲ ಹಾಕಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತೇನೆ. ಹಾಕುತ್ತಾಳೆ.