ರೋಸಿನ ಚಪ್ಪರದಲ್ಲಿ ಮ್ಯಾಕ್ಸಿಮ್ ಆಡಿದ ಮಾತು

ಮದುವೆಯಾಗಿ ಏಳು ವರ್ಷಗಳಲ್ಲಿ ನಾನು ಕುಡಿದ ಕಷಾಯವನ್ನೆಲ್ಲ ಕಾರ್ಕಳದ ಆನೆಕೆರೆಗೆ ಸುರಿದಿದ್ದರೆ ಒಂದು ಮೀನೂ ಉಳಿಯುತ್ತಿರಲಿಲ್ಲ. ಕುಡಿಸುತ್ತಿದ್ದದ್ದು ನನ್ನ ಅತ್ತೆಯ ತಂಗಿ ಲಿಡ್ವಿನ್ ಮಾವ್ಶಿ. ಪ್ರತಿ ತಿಂಗಳೂ ಅವರು ಹೊಸದೊಂದು ಬೇರು ಹಿಡಿದುಕೊಂಡು ಬರುತ್ತಿದ್ದರು. ನನಗೆ ಮಕ್ಕಳಾಗಲಿ ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆದರೆ ಯಾರದಾದರೂ ಮಗುವಿನ ನಾಮಕರಣಕ್ಕೆ ಹೋದರೆ, ನಾನು ಕೈ ಚಾಚುವ ಮೊದಲೇ ಆ ಮಗುವನ್ನು ಎತ್ತಿಕೊಂಡು ಆಚೆ ಹೋಗುತ್ತಿದ್ದವರೂ ಅವರೇ.

ನಾನು ಕಾಪುವಿನವಳು. ಕುಕ್ಕುಂದೂರಿಗೆ ಮದುವೆಯಾಗಿ ಬಂದೆ. ನನ್ನ ಗಂಡ ಮ್ಯಾಕ್ಸಿಮ್ ಅವರಿಗೆ ಕಾರ್ಕಳ ಪೇಟೆಯಲ್ಲಿ ಬೇಕರಿ ಇತ್ತು. ಆಳೆಂದರೆ ಆಳು. ಅಗಲ ಎದೆ, ದಪ್ಪ ಮೀಸೆ, ಗುಡುಗಿನಂಥ ಸ್ವರ. ಮೈದಾ ಮೂಟೆಯನ್ನು ತಲೆದಿಂಬಿನ ಹಾಗೆ ಎತ್ತುತ್ತಿದ್ದರು. ಅವರನ್ನು ನೋಡಿದವರು ಮತ್ತೆ ಯೋಚನೆ ಮಾಡುತ್ತಿರಲಿಲ್ಲ. ಇಂಥ ಗಂಡಸಿನಲ್ಲಿ ಎಂಥ ಕೊರತೆ, ಇದ್ದರೆ ಹೆಂಡತಿಯಲ್ಲೇ ಇರಬೇಕು ಎಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ಹೇಳಲು ಸಿಟ್ಟು ಬರುತ್ತದೆ, ಹಾಗೆ ನಂಬಿದವರಲ್ಲಿ ನಾನೂ ಒಬ್ಬಳು.

ಅರವತ್ಮೂರನೇ ಇಸವಿಯಲ್ಲಿ ತವರಿಗೆ ಹೋಗುತ್ತೇನೆಂದು ಹೇಳಿ ಮಣಿಪಾಲದಲ್ಲಿ ಬಸ್ಸಿಳಿದೆ. ಅಲ್ಲಿನ ಲೇಡಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನಿಮ್ಮಲ್ಲಿ ಎಂತದೂ ತೊಂದರೆ ಕಾಣುವುದಿಲ್ಲ. ಇನ್ನು ನಿಮ್ಮ ಯಜಮಾನರನ್ನು ಕರೆದುಕೊಂಡು ಬನ್ನಿ," ಎಂದರು. ಕೋಣೆಯಿಂದ ಹೊರಗೆ ಬಂದವಳು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಸಂತೋಷಕ್ಕೋ ಸಿಟ್ಟಿಗೋ ನನಗೇ ತಿಳಿಯಲಿಲ್ಲ.

ಯಜಮಾನರನ್ನು ಹೊರಡಿಸುವುದು ಸುಲಭವಿರಲಿಲ್ಲ.

"ನನಗೆ ಎಂತಕ್ಕೆ ಡಾಕ್ಟರು? ನನಗೆ ಎಂತದೂ ಆಗಲಿಲ್ಲ ಮಾರಾಯ್ತಿ."

"ನನಗೂ ಎಂತದೂ ಆಗಲಿಲ್ಲ. ಆದರೂ ಕುಡಿಯುವುದಿಲ್ವಾ? ನಾಳೆಯಿಂದ ಮಾವ್ಶಿಯ ಕಷಾಯ ನಿಮಗೂ ಅರ್ಧ ಲೋಟ."

ತಮಾಷೆಯೆಂದುಕೊಂಡಿದ್ದರು. ಮರುದಿನ ಲೋಟ ಎದುರಿಗಿಟ್ಟೆ. ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, ಲೋಟ ಆಚೆ ತಳ್ಳಿದರು. "ಇದನ್ನು ನೀನು ಏಳು ವರ್ಷ ಕುಡಿದದ್ದಾ?" ಎಂದರು. ಆ ವಾರವೇ ಇಬ್ಬರೂ ಮಣಿಪಾಲಕ್ಕೆ ಹೊರಟೆವು.

ಅಲ್ಲಿ ಇವರನ್ನು ನೋಡಿದ ಡಾಕ್ಟರ ಹೆಸರು ಅನಂತಪದ್ಮನಾಭ. ವಿದ್ಯಾರ್ಥಿಗಳಿಗೆ ಪಾಠ ಹೇಳುವವರು, ಮಾತಿಗೆ ಬರವಿರಲಿಲ್ಲ. ಪರೀಕ್ಷೆಗೆ ವೀರ್ಯ ಬೇಕೆಂದಾಗ ನಮ್ಮವರು ಬೇಕರಿಯ ಭಟ್ಟಿಯ ಮುಂದೆ ನಿಂತವರಿಗಿಂತ ಹೆಚ್ಚು ಬೆವರಿದರು.

"ಡಾಕ್ಟ್ರೇ, ಇದು ಪಾಪ ಅಲ್ವಾ? ಪಾದ್ರಿಗಳಿಗೆ ನಾನು ಎಂತ ಹೇಳುವುದು?"

"ಪಾಪದ ವಿಷಯ ಪಾದ್ರಿಗಳಿಗೇ ಬಿಟ್ಟದ್ದು. ನನಗೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಮಾತ್ರ ಗೊತ್ತು."

ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿದರು. ಗೋಡೆಯಲ್ಲಿ ಗಂಡಸಿನ ದೇಹದ ಕೆಳಭಾಗವನ್ನು ಸೀಳಿ ತೋರಿಸಿದ ಬಣ್ಣದ ಚಿತ್ರವಿತ್ತು. ನಾನು ನೆಲ ನೋಡಿದೆ. ಅವರು, "ಅಮ್ಮ, ಮೇಲೆ ನೋಡಿ. ಇದು ತಿಳಿಯದೆಯೇ ನೀವು ಇಷ್ಟು ವರ್ಷ ಬೈಗುಳ ತಿಂದದ್ದು," ಎಂದರು. ನಾನು ತಲೆ ಎತ್ತಿದೆ.

"ಇವು ವೃಷಣಗಳು. ಒಳಗೆ ದಾರದಂಥ ಕೊಳವೆಗಳು ಸುರುಳಿ ಸುತ್ತಿಕೊಂಡಿವೆ. ವೀರ್ಯಾಣು ಹುಟ್ಟುವುದು ಅಲ್ಲಿ. ಹಿಂದೆ ಅಂಟಿಕೊಂಡ ಈ ಇನ್ನೊಂದು ಸುರುಳಿಯಲ್ಲಿ ಅದು ಬಲಿತು ಈಜುವ ಶಕ್ತಿ ಪಡೆಯುತ್ತದೆ. ಆಮೇಲೆ ಈ ನಾಳದಲ್ಲಿ ಮೇಲೆ ಬಂದು, ಮೂತ್ರಕೋಶದ ಹತ್ತಿರದ ಗ್ರಂಥಿಗಳ ದ್ರವದೊಂದಿಗೆ ಸೇರಿ ಹೊರಗೆ ಹೋಗುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಹೆಚ್ಚಾಗಿ ಆ ದ್ರವವೇ. ಅದರಲ್ಲಿ ವೀರ್ಯಾಣು ಉಂಟೋ ಇಲ್ಲವೋ ಬರಿಗಣ್ಣಿಗೆ ತಿಳಿಯುವುದಿಲ್ಲ. ನಿಮ್ಮದರಲ್ಲಿ ತುಂಬ ಕಡಿಮೆ ಉಂಟು. ಇರುವವೂ ಸರಿಯಾಗಿ ಈಜುವುದಿಲ್ಲ."

ಮ್ಯಾಕ್ಸಿಮ್ ಅವರ ಕೈ ತನ್ನಷ್ಟಕ್ಕೇ ಮೀಸೆಗೆ ಹೋಯಿತು. ಡಾಕ್ಟರು ಅದನ್ನು ಗಮನಿಸಿದರು.

"ಮೀಸೆಗೆ ಏನೂ ಆಗಿಲ್ಲ. ವೃಷಣಕ್ಕೆ ಎರಡು ಕೆಲಸ. ಮೀಸೆ, ಸ್ವರ, ಬಲ, ಆಸೆ, ಇವಕ್ಕೆಲ್ಲ ಬೇಕಾದ ರಸವನ್ನು ರಕ್ತಕ್ಕೆ ಬಿಡುವುದು ಒಂದು. ವೀರ್ಯಾಣು ತಯಾರಿಸುವುದು ಇನ್ನೊಂದು. ಎರಡನೆಯದು ಕೆಟ್ಟರೂ ಮೊದಲನೆಯದು ಸರಿಯಾಗಿರಬಹುದು. ನೀವು ಪೂರ್ತಿ ಗಂಡಸೇ. ಅದರಲ್ಲಿ ಸಂಶಯ ಬೇಡ."

ಬಿಗಿದಿದ್ದ ನಮ್ಮವರ ಹೆಗಲು ಸ್ವಲ್ಪ ಸಡಿಲಾಯಿತು. ಡಾಕ್ಟರು ಕೆಲಸದ ಬಗ್ಗೆ ಕೇಳಿದರು. ಬೆಳಗಿನ ಜಾವ ಭಟ್ಟಿ ಹೊತ್ತಿಸುವುದು, ಉದ್ದ ಹಲಗೆಯಲ್ಲಿ ಬ್ರೆಡ್ಡು, ಬನ್ನು ತಳ್ಳುವುದು, ಬಿಗಿಯಾಗಿ ಕಚ್ಚೆ ಕಟ್ಟಿ ಮೇಲೆ ಗೋಣಿಬಟ್ಟೆ ಸುತ್ತಿಕೊಳ್ಳುವುದು ಎಲ್ಲವನ್ನೂ ಇವರು ಹೇಳಿದರು.

"ಭಟ್ಟಿಯ ಬಾಯಿ ಎಷ್ಟು ಎತ್ತರಕ್ಕೆ ಉಂಟು?"

ಇವರು ಎದ್ದು ನಿಂತು ಕೈಯಲ್ಲಿ ತೋರಿಸಿದರು. ಸರಿಯಾಗಿ ಸೊಂಟದ ಕೆಳಗೆ. ಡಾಕ್ಟರು ನಗು ತಡೆಯಲಾರದೆ ಹೋದರು.

"ಬನ್ನಿನ ಜೊತೆಗೆ ಅವನ್ನೂ ಬೇಯಿಸುತ್ತಿದ್ದೀರಲ್ಲ ಮಾರಾಯ್ರೇ! ದೇವರು ಅವನ್ನು ದೇಹದ ಹೊರಗೆ ಚೀಲದಲ್ಲಿ ಯಾಕೆ ಇಟ್ಟದ್ದು? ಹೊಟ್ಟೆಯ ಒಳಗಿನ ಬಿಸಿಯೂ ವೀರ್ಯಾಣುವಿಗೆ ಹೆಚ್ಚಾಗುತ್ತದೆಂದು. ಚಳಿಯಾದರೆ ಚೀಲ ಮೇಲಕ್ಕೆ ಸೆಳೆದುಕೊಳ್ಳುತ್ತದೆ, ಸೆಕೆಯಾದರೆ ಕೆಳಗೆ ಇಳಿಯುತ್ತದೆ. ನೀವು ಕಚ್ಚೆ ಬಿಗಿದು ಇಳಿಯಲಿಕ್ಕೂ ಬಿಡಲಿಲ್ಲ. ಅದರ ಮೇಲೆ ಎಡಭಾಗದ ರಕ್ತನಾಳಗಳು ಉಬ್ಬಿ ಬಿಸಿ ರಕ್ತ ಅಲ್ಲೇ ನಿಲ್ಲುತ್ತಾ ಉಂಟು. ಸಣ್ಣ ಆಪರೇಶನ್ ಮಾಡುವ. ಭಟ್ಟಿ ಬೇರೆಯವರು ನೋಡಲಿ, ನೀವು ಸಡಿಲ ಮುಂಡು ಉಟ್ಟು ಗಲ್ಲಾಪೆಟ್ಟಿಗೆಯ ಹತ್ತಿರ ಕೂತುಕೊಳ್ಳಿ. ಹೊಸ ವೀರ್ಯಾಣು ತಯಾರಾಗಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಆಗಿಯೇ ಆಗುತ್ತದೆಂದು ಮಾತು ಕೊಡುವುದಿಲ್ಲ."

ಬಸ್ಸು ಪರ್ಕಳ ದಾಟುವಾಗ ಇವರು ಮೆಲ್ಲನೆ ಹೇಳಿದರು: "ಐರಿನ್, ಇದು ನಮ್ಮಿಬ್ಬರಲ್ಲೇ ಇರಲಿ." ನಾನು ಒಪ್ಪಿದೆ. ಗಂಡನ ಮಾನ ನನ್ನದೂ ಅಲ್ವಾ.

ಮನೆಯಲ್ಲಿ ಹರ್ನಿಯಾ ಆಪರೇಶನ್ ಎಂದೆವು. ಊರಿಗೆ ಊರೇ ನೋಡಲು ಬಂತು. ಮಾವ್ಶಿ ಒಂದು ಕೈಯಲ್ಲಿ ಅವರಿಗೆ ಕೋಳಿಸಾರು, ಇನ್ನೊಂದು ಕೈಯಲ್ಲಿ ನನಗೆ ಕಷಾಯ ತಂದರು. ನಾನು ಇವರ ಮುಖ ನೋಡುತ್ತಲೇ ಕಷಾಯ ಕುಡಿದೆ. ಇವರು ಕೋಳಿಯ ಕಾಲು ಕೈಯಲ್ಲಿ ಹಿಡಿದು ಕುಳಿತೇ ಇದ್ದರು. ತಿನ್ನಲಿಲ್ಲ.

ಮುಂದಿನ ಜನವರಿಯಲ್ಲಿ ನನ್ನ ನಾದಿನಿ ಸೋಫಿಯಾಳ ಮದುವೆ. ಮದುವೆಯ ಮುಂಚಿನ ದಿನ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ರೋಸ್ ಎಂಬ ಶಾಸ್ತ್ರ. ಹುಡುಗಿಯನ್ನು ಚಪ್ಪರದಲ್ಲಿ ಕೂರಿಸಿ, ಹಣೆಗೆ ಎಣ್ಣೆಯಲ್ಲಿ ಶಿಲುಬೆ ಬರೆದು, ತಲೆಗೆ ತೆಂಗಿನಕಾಯಿ ಹಾಲು ಹಾಕಿ ಹರಸುವುದು. ಹೆಂಗಸರು ಸುತ್ತ ನಿಂತು ವೋವಿಯೊ ಎಂಬ ಮದುವೆ ಹಾಡು ಹಾಡುತ್ತಾರೆ. ನನ್ನ ಮಾವ ತೀರಿಕೊಂಡಿದ್ದರಿಂದ ಮೊದಲು ಅತ್ತೆ ಜೆರ್ಟ್ರೂಡ್ ಹಾಲು ಹಾಕಿದರು. ಆಮೇಲಿನ ಸರದಿ ಮನೆಯ ಹಿರಿಯ ಮಗ ಮತ್ತು ಸೊಸೆಯದು. ಸೋಫಿಯಾಳನ್ನು ಲಂಗ ಹಾಕುವ ಕಾಲದಿಂದ ಜಡೆ ಹೆಣೆದು ಬೆಳೆಸಿದವಳು ನಾನು. ಹಾಲಿನ ಬಟ್ಟಲಿಗೆ ಕೈ ಹಾಕಿದೆ.

ಲಿಡ್ವಿನ್ ಮಾವ್ಶಿ ನನ್ನ ಮಣಿಕಟ್ಟು ಹಿಡಿದರು.

"ನೀನು ಬೇಜಾರು ಮಾಡಬೇಡ ಮಗಾ. ಒಳ್ಳೆ ಕೆಲಸ ಅಲ್ವಾ, ಮಡಿಲು ತುಂಬಿದವರು ಮೊದಲು ಹಾಕಲಿ. ನೀನು ಮತ್ತೆ ಹಾಕಬಹುದು."

ಹಾಡು ನಿಂತಿತು. ಅಷ್ಟು ಜನರ ಎದುರು ನನ್ನ ಕೈ ಬಟ್ಟಲಿನ ಮೇಲೆ ಹಾಗೇ ಉಳಿಯಿತು. ಬಾಯಿ ತೆರೆದರೆ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಹೆದರಿ ಹಲ್ಲು ಕಚ್ಚಿ ನಿಂತೆ. ಇವರ ಕಡೆ ನೋಡಲಿಲ್ಲ. ನೋಡಿದರೆ ನೀವೇ ಹೇಳಿ ಎಂದು ಕೇಳಿದಂತಾಗುತ್ತಿತ್ತು.

"ಮಾವ್ಶಿ, ಅವಳ ಕೈ ಬಿಡಿ."

ಭಟ್ಟಿಯ ಕಡೆಯಿಂದ ಬೇಕರಿಯ ಬಾಗಿಲಿಗೆ ಕೇಳುವ ಸ್ವರ ಅವರದು. ಆ ದಿನ ಅದು ಇಡೀ ಚಪ್ಪರಕ್ಕೆ ಕೇಳಿತು.

"ಕೊರತೆ ಇರುವುದು ಅವಳಲ್ಲಿ ಅಲ್ಲ, ನನ್ನಲ್ಲಿ. ಮಣಿಪಾಲದ ಡಾಕ್ಟರು ಇಬ್ಬರನ್ನೂ ನೋಡಿದ್ದಾರೆ. ನನಗೆ ಆದದ್ದು ಹರ್ನಿಯಾ ಅಲ್ಲ, ಇದಕ್ಕೇ ಆಪರೇಶನ್. ಮಕ್ಕಳಿಲ್ಲದವರು ಹಾಲು ಹಾಕಬಾರದು ಅಂತಾದರೆ ನನ್ನ ತಂಗಿಗೆ ನಾನೇ ಹಾಕಬಾರದು. ಅದನ್ನು ಹೇಳುವವರು ಯಾರು ಉಂಟು, ಹೇಳಿ."

ಗಂಡಸರು ಚಪ್ಪರದ ಕಂಬ ನೋಡಿದರು. ಮಾವ್ಶಿಯ ಕೈ ಸಡಿಲಾಯಿತು. ನನ್ನ ಅತ್ತೆ ಎದ್ದು ಬಂದು, ಬಟ್ಟಲನ್ನು ತಾವೇ ಎತ್ತಿ ನನ್ನ ಎರಡೂ ಕೈಗಳಲ್ಲಿ ಇಟ್ಟು, "ಹಾಕು ಮಗಳೇ," ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ಬಟ್ಟಲನ್ನು ಒಮ್ಮೆಲೇ ಬಗ್ಗಿಸಿಬಿಟ್ಟೆ, ಹಾಲೆಲ್ಲ ಸೋಫಿಯಾಳ ಕಣ್ಣಿಗೇ ಹೋಯಿತು.

ರಾತ್ರಿ ಊಟದ ಗದ್ದಲದಲ್ಲಿ ಇವರ ಚಿಕ್ಕಪ್ಪನ ಮಗ ರೊಸಾರಿಯೊ ಇವರನ್ನು ಬಾವಿಕಟ್ಟೆಯ ಹತ್ತಿರ ಕರೆದದ್ದನ್ನು ನಾನು ಅಡಿಗೆಕೋಣೆಯ ಕಿಟಕಿಯಿಂದ ನೋಡಿದೆ. ಮದುವೆಯಾಗಿ ಐದು ವರ್ಷ ಅವನಿಗೆ, ಮಕ್ಕಳಿರಲಿಲ್ಲ. ಹೆಂಡತಿಯನ್ನು ತವರಿಗೆ ಕಳಿಸುವ ಮಾತು ನಡೆಯುತ್ತಿತ್ತು.

"ಅಣ್ಣಾ, ಆ ಡಾಕ್ಟರ ಹೆಸರು ಎಂತ?"

ಇವರು ಅವನ ಹೆಗಲಿಗೆ ಕೈ ಹಾಕಿ, "ಹೆಸರು ಎಂತಕ್ಕೆ, ನಾನೇ ಜೊತೆಗೆ ಬರ್ತೇನೆ," ಎಂದರು.

ಮರುವರ್ಷ ನಮ್ಮ ಲಿಯೋನೆಲ್ ಹುಟ್ಟಿದ. ಆಪರೇಶನ್ನಿನಿಂದಲೋ, ಭಟ್ಟಿಯಿಂದ ದೂರ ಕೂತದ್ದರಿಂದಲೋ ಡಾಕ್ಟರಿಗೂ ಖಚಿತವಿರಲಿಲ್ಲ. ಮಾವ್ಶಿ ಮಾತ್ರ ತನ್ನ ಕಷಾಯದಿಂದ ಎಂದೇ ಇಂದಿಗೂ ಹೇಳುತ್ತಾರೆ. ಹೇಳಿಕೊಳ್ಳಲಿ. ಡಾಕ್ಟರಿಗೆ ಪ್ರತಿ ಕ್ರಿಸ್‌ಮಸ್ಸಿಗೆ ನಮ್ಮ ಬೇಕರಿಯ ಕೇಕು ಹೋಗುತ್ತದೆ. ದೇವರಿಗೆ ಸಂಜೆಯ ಪ್ರಾರ್ಥನೆಯಲ್ಲಿ ಕೃತಜ್ಞತೆ ಹೇಳುತ್ತೇನೆ. ಮೊದಲು ಆ ದಿನ ಚಪ್ಪರದಲ್ಲಿ ಇವರು ಆಡಿದ ಮಾತಿಗಾಗಿ, ಮಗುವಿಗಾಗಿ ಹೇಳುವುದು ಎರಡನೆಯದು. ಮಗು ಹುಟ್ಟದೇ ಹೋಗಿದ್ದರೂ ಮೊದಲನೆಯದನ್ನು ಸಾಯುವವರೆಗೆ ಹೇಳುತ್ತಿದ್ದೆ.

ಸೋಫಿಯಾ ತವರಿಗೆ ಬಂದಾಗಲೆಲ್ಲ ನನ್ನನ್ನು ಕೀಟಲೆ ಮಾಡುತ್ತಾಳೆ. "ಅತ್ತಿಗೆ, ರೋಸಿನ ದಿನ ನಾನು ಅತ್ತದ್ದಲ್ಲ, ನೀವು ಕಣ್ಣಿಗೆ ಹಾಲು ಸುರಿದದ್ದು," ಎನ್ನುತ್ತಾಳೆ.

ಹಾಲು ಹಾಕುವ ಮೊದಲೇ ಅವಳು ಅಳುತ್ತಿದ್ದಳು. ನಾನು ನೋಡಿದ್ದೇನೆ.